ಕಂಪ್ಯೂಟರ್ ಆಪರೇಟರ್ ಕೆಲಸಕ್ಕೆ ಸೇರುವುದು ಹೇಗೆ? ಸೇರಿದ ಮೇಲೆ ಮಾಡುವುದೇನು?

ಹೊಸಹಾದಿ
ಎಲ್ಲರಿಗೂ ನಮಸ್ಕಾರ. ಡಿಗ್ರಿ ಮುಗಿದಿದೆ, ಕಾಮರ್ಸ್. ಹಳೆ ಲ್ಯಾಪ್‌ಟಾಪ್‌ಗೆ ಲಿನಕ್ಸ್ ಹಾಕಿಕೊಂಡು ಒಂದಿಷ್ಟು ಕಮಾಂಡ್ ಕಲಿತಿದ್ದೇನೆ, ಅಷ್ಟೇ. ಮೊನ್ನೆ ಒಂದು ಜಾಹೀರಾತು ಕಣ್ಣಿಗೆ ಬಿತ್ತು. "ಕಂಪ್ಯೂಟರ್ ಆಪರೇಟರ್ ಬೇಕಾಗಿದ್ದಾರೆ. ಮೂರು ಪಾಳಿ. ಬ್ಯಾಚ್ ಜಾಬ್, ಬ್ಯಾಕಪ್, ಮಾನಿಟರಿಂಗ್. ಹೊಸಬರೂ ಅರ್ಜಿ ಹಾಕಬಹುದು."

ಮನೆಯಲ್ಲಿ ಹೇಳಿದರೆ "ಟೈಪಿಂಗ್ ಕೆಲಸ ತಾನೇ" ಎಂದರು. ಸಾಫ್ಟ್‌ವೇರ್‌ನಲ್ಲಿರುವ ಗೆಳೆಯ "ಆ ಕೆಲಸ ಸತ್ತು ಎಷ್ಟೋ ವರ್ಷ ಆಯ್ತು" ಎಂದ. ಯಾರನ್ನು ನಂಬಲಿ? ನಿಜಕ್ಕೂ ಇದರಲ್ಲಿ ಏನು ಮಾಡಬೇಕು, ಇಂಟರ್‌ವ್ಯೂಗೆ ಏನು ಓದಿಕೊಳ್ಳಲಿ, ಮುಂದೆ ದಾರಿ ಇದೆಯಾ? ಅನುಭವ ಇದ್ದವರು ಸ್ವಲ್ಪ ಬಿಡಿಸಿ ಹೇಳಿ.

ರಾತ್ರಿಪಾಳಿ
ಇಬ್ಬರನ್ನೂ ನಂಬಬೇಡಿ. ಒಂದೇ ಹೆಸರಿನಲ್ಲಿ ಎರಡು ಬೇರೆ ಬೇರೆ ಕೆಲಸ ಓಡಾಡುತ್ತಿವೆ. ಜಾಹೀರಾತಿನಲ್ಲಿ ಟೈಪಿಂಗ್ ವೇಗ, ಎಕ್ಸೆಲ್, ಫಾರ್ಮ್ ಎಂದಿದ್ದರೆ ಅದು ಡೇಟಾ ಎಂಟ್ರಿ. ಪಾಳಿ, ಬ್ಯಾಚ್ (ಯಂತ್ರ ತಾನಾಗಿ ಸಾಲಾಗಿ ಮಾಡಿ ಮುಗಿಸುವ ಕೆಲಸಗಳು, ಒಂದೊಂದೂ ಒಂದು ಜಾಬ್), ಬ್ಯಾಕಪ್ ಎಂದಿದ್ದರೆ ಅದು ಸರ್ವರ್ ನೋಡಿಕೊಳ್ಳುವ ಕೆಲಸ. ನಿಮ್ಮದು ಎರಡನೆಯದು.

ದಿನದ ಕೆಲಸ ಹೇಳುತ್ತೇನೆ. ಪಾಳಿ ಶುರುವಾದಾಗ ಹಿಂದಿನವರಿಂದ ಹ್ಯಾಂಡೋವರ್ ತಗೊಳ್ಳಬೇಕು. ಯಾವ ಜಾಬ್ ಓಡುತ್ತಿದೆ, ಯಾವುದು ನಿಂತಿದೆ, ಯಾರಿಗೆ ಫೋನ್ ಮಾಡಿ ಆಗಿದೆ, ಇದೆಲ್ಲ. ಆಮೇಲೆ ಮಾನಿಟರಿಂಗ್ ಪರದೆ. ಡಿಸ್ಕ್ ತುಂಬುತ್ತಿದೆಯಾ, ಸರ್ವರ್ ಉತ್ತರ ಕೊಡುತ್ತಿದೆಯಾ, ರಾತ್ರಿಯ ಜಾಬ್‌ಗಳು ಹೊತ್ತಿಗೆ ಸರಿಯಾಗಿ ಮುಗಿಯುತ್ತಿವೆಯಾ. ಏನಾದರೂ ಬಿದ್ದರೆ, ಅಂದರೆ ಕೆಟ್ಟು ನಿಂತರೆ, ರನ್‌ಬುಕ್ ಎಂಬ ಕೈಪಿಡಿ ತೆಗೆದು ಅದರಲ್ಲಿ ಬರೆದಂತೆ ಮಾಡಬೇಕು. ಅದರಲ್ಲಿ ಇಲ್ಲದ್ದು ಬಂದರೆ ಆನ್‌ಕಾಲ್ ಇರುವವರನ್ನು, ಅಂದರೆ ಯಾವಾಗ ಕರೆದರೂ ಸಿಗಬೇಕಾದ ಎಂಜಿನಿಯರನ್ನು, ಎಬ್ಬಿಸಬೇಕು. ಮಾಡಿದ್ದನ್ನೆಲ್ಲ ಟಿಕೆಟ್‌ನಲ್ಲಿ, ಅಂದರೆ ಆ ತೊಂದರೆಯ ದಾಖಲೆಯಲ್ಲಿ, ಬರೆಯಬೇಕು. ಕೇಳಲು ಸುಲಭ. ಕಷ್ಟ ಇರುವುದು "ಈಗ ಎಬ್ಬಿಸಬೇಕಾ, ಬೆಳಗಿನ ತನಕ ಕಾಯಬಹುದಾ" ಎಂದು ತೀರ್ಮಾನ ಮಾಡುವುದರಲ್ಲಿ.

ಹತ್ತುಬೆರಳು
"ಟೈಪಿಂಗ್ ಕೆಲಸ ತಾನೇ" ಎಂದರಂತೆ. ಆ "ತಾನೇ" ಕೇಳಿ ಕೇಳಿ ಸಾಕಾಗಿದೆ. ನಾನು ಡೇಟಾ ಎಂಟ್ರಿಯಲ್ಲೇ ಇರುವವಳು. ನಮಗೆ ವೇಗ ಅಳೆಯುವುದು ಗಂಟೆಗೆ ಎಷ್ಟು ಕೀ ಒತ್ತಿದ್ದೀರಿ ಎಂಬ ಲೆಕ್ಕದಲ್ಲಿ. ಒಂದು ಪದ ಎಂದರೆ ಐದು ಕೀ ಎಂದು ಹಿಡಿಯುತ್ತಾರೆ. ನಿಮಿಷಕ್ಕೆ 40 ಪದ ಎಂದರೆ ಗಂಟೆಗೆ 12,000 ಕೀ. ಅದೂ ಪರೀಕ್ಷೆಯ ಐದು ನಿಮಿಷದಲ್ಲಿ ಅಲ್ಲ, ಇಡೀ ದಿನ, ಕೀಬೋರ್ಡ್ ನೋಡದೆ. ನಂಬರ್ ಪ್ಯಾಡ್‌ನಲ್ಲಿ 5ರ ಮೇಲೆ ಒಂದು ಸಣ್ಣ ಉಬ್ಬು ಇರುತ್ತದೆ ನೋಡಿ, ಬೆರಳು ಅದನ್ನು ಹಿಡಿದೇ ದಾರಿ ಕಂಡುಕೊಳ್ಳುವುದು.

ವೇಗಕ್ಕಿಂತ ತಪ್ಪಿಲ್ಲದಿರುವುದು ಮುಖ್ಯ. ಮುಖ್ಯವಾದ ದಾಖಲೆಗಳನ್ನು ಇಬ್ಬರು ಬೇರೆ ಬೇರೆ ಟೈಪ್ ಮಾಡುತ್ತಾರೆ, ಎರಡೂ ಹೊಂದದ ಜಾಗವನ್ನು ಸಿಸ್ಟಮ್ ಹಿಡಿದು ತೋರಿಸುತ್ತದೆ. ಯಾರ ಹೆಸರಿನಲ್ಲಿ ಎಷ್ಟು ತಪ್ಪು ಎಂಬುದು ಮೇಲಿನವರಿಗೆ ಗೊತ್ತಾಗುತ್ತಲೇ ಇರುತ್ತದೆ.

ರಾತ್ರಿಪಾಳಿ
ಮೇಡಂ, ನಾನು ಕೀಳು ಮಾಡಿ ಹೇಳಲಿಲ್ಲ. ಬೇರೆ ಕೆಲಸ ಎಂದೆ ಅಷ್ಟೇ.

ಹತ್ತುಬೆರಳು
ನಿಮಗೆ ಹೇಳಿದ್ದಲ್ಲ ಸರ್, ಅವರ ಮನೆಯವರಿಗೆ ಹೇಳಿದ್ದು :)

ಇನ್ನೊಂದು ಮಾತು, ಇದು ಹೊಸಬರಿಗೆ. ಮನೆಯಲ್ಲೇ ಕೂತು ಡೇಟಾ ಎಂಟ್ರಿ ಮಾಡಿ, ಮೊದಲು ನೋಂದಣಿ ಶುಲ್ಕ ಕಟ್ಟಿ ಎಂದು ಯಾರಾದರೂ ಕೇಳಿದರೆ ಅಲ್ಲೇ ಮಾತು ನಿಲ್ಲಿಸಿ. ಕೆಲಸ ಕೊಡುವವರು ನಿಮಗೆ ದುಡ್ಡು ಕೊಡಬೇಕು. ಕೆಲವರು ಶುಲ್ಕ ಕೇಳುವುದಿಲ್ಲ, ಸಾವಿರಾರು ಫಾರ್ಮ್ ತುಂಬಿಸಿಕೊಂಡು ಕೊನೆಗೆ "ತಪ್ಪು ಜಾಸ್ತಿ ಇದೆ, ದಂಡ ಕಟ್ಟಿ" ಎನ್ನುತ್ತಾರೆ. ಒಪ್ಪಂದಕ್ಕೆ ಸಹಿ ಹಾಕಿದ್ದೀರಿ, ಕೇಸ್ ಹಾಕುತ್ತೇವೆ ಎಂದು ಹೆದರಿಸುತ್ತಾರೆ. ನನ್ನ ಪರಿಚಯದವರೊಬ್ಬರು ಹೆದರಿ ಕಟ್ಟಿಯೇ ಬಿಟ್ಟರು.

ಸ್ಕ್ರಿಪ್ಟ್‌ಪ್ರಿಯ
ಕಹಿ ಸತ್ಯ ಹೇಳುತ್ತೇನೆ, ಬೈಯಬೇಡಿ. ಗೆಳೆಯ ಹೇಳಿದ್ದೇ ಹತ್ತಿರದ ಮಾತು. ಆಪರೇಟರ್ ಮಾಡುವುದನ್ನೆಲ್ಲ ಸ್ಕ್ರಿಪ್ಟ್, ಅಂದರೆ ಕಮಾಂಡ್‌ಗಳನ್ನು ಬರೆದಿಟ್ಟ ಸಣ್ಣ ಪ್ರೋಗ್ರಾಂ, ಮಾಡುತ್ತದೆ. ಬ್ಯಾಕಪ್ ಇಡುವ ಟೇಪ್ ಹಾಕಲು ರೋಬೋಟ್ ಇದೆ. ಜಾಬ್ ಓಡಿಸಲು ಶೆಡ್ಯೂಲರ್ ಇದೆ. ಅಲರ್ಟ್ ಬಂದರೆ ನೇರವಾಗಿ ಎಂಜಿನಿಯರ್ ಫೋನ್‌ಗೆ ಹೋಗುತ್ತದೆ. ದೀಪ ಆರಿಸಿ ಬಾಗಿಲು ಹಾಕಿಕೊಂಡು ಬಂದರೂ ನಡೆಯುವ ಡೇಟಾ ಸೆಂಟರ್‌ಗಳಿವೆ. ಮಧ್ಯೆ ಮನುಷ್ಯ ಯಾಕೆ? ಆ ಸಮಯವನ್ನು ಕೋಡಿಂಗ್ ಕಲಿಯಲು ಕೊಡಿ.

ಹಳೇಟೇಪು
ತಮ್ಮಾ, "ಆಪರೇಟರ್ ಇನ್ನು ಬೇಡ" ಎಂಬ ಮಾತನ್ನು ನಾನು ಕೆಲಸಕ್ಕೆ ಸೇರಿದಾಗಲೇ ಕೇಳಿದ್ದೆ. ಈಗ ನಿವೃತ್ತಿ ಹತ್ತಿರ ಬಂದಿದೆ. ಆದರೆ ನಿನ್ನ ಮಾತಿನಲ್ಲಿ ಅರ್ಧ ನಿಜ ಇದೆ. ಜನ ಕಮ್ಮಿ ಆಗಿದ್ದಾರೆ, ಬಹಳ ಕಮ್ಮಿ.

ಹಿಂದೆ ಹೇಗಿತ್ತು ಎಂದರೆ, ಐಬಿಎಂ 1964ರಲ್ಲಿ ಸಿಸ್ಟಮ್/360 ಎಂಬ ಮೇನ್‌ಫ್ರೇಮ್, ಅಂದರೆ ಬ್ಯಾಂಕ್‌ನಂಥ ಕಡೆ ಬಳಸುವ ದೊಡ್ಡ ಕಂಪ್ಯೂಟರ್, ಪ್ರಕಟಿಸಿತು. ಆ ವಂಶದ ಯಂತ್ರಗಳಿಗೆ ಆಪರೇಟರ್ ಕೈ ಕಾಲು ಎಲ್ಲ ಆಗಿದ್ದ. ತೂತು ಹೊಡೆದ 80 ಕಾಲಮ್‌ನ ಕಾರ್ಡ್ ಕಟ್ಟು ತಂದು ರೀಡರ್‌ಗೆ ಹಾಕಬೇಕು. ಯಂತ್ರ ಆಪರೇಟರ್ ಜತೆ ಮಾತಾಡುವ ಕನ್ಸೋಲ್ ಯಾವ ಟೇಪ್ ಕೇಳುತ್ತದೋ ಅದನ್ನು ಕಪಾಟಿನಿಂದ ಹುಡುಕಿ ಡ್ರೈವ್‌ಗೆ ಏರಿಸಬೇಕು. 1403 ಎಂಬ ಪ್ರಿಂಟರ್ ನಿಮಿಷಕ್ಕೆ 1,100 ಸಾಲು ಹೊಡೆಯುತ್ತಿತ್ತು, ಕಾಗದ ಸಿಕ್ಕಿಕೊಂಡರೆ ಆ ವೇಗದಲ್ಲಿ ಏನಾಗುತ್ತದೆ ಎಂದು ಊಹಿಸಿಕೊಳ್ಳಿ. ನಾನು ಬರುವ ಹೊತ್ತಿಗೆ ಕಾರ್ಡ್ ಹೋಗಿತ್ತು, ಟೇಪ್ ಮತ್ತು ಪ್ರಿಂಟರ್ ಇದ್ದವು.

ಇವತ್ತಿಗೂ ಮೇನ್‌ಫ್ರೇಮ್ ಕನ್ಸೋಲ್‌ನಲ್ಲಿ ಬರುವ ಸಂದೇಶದ ಸಂಖ್ಯೆಯ ಕೊನೆಯಲ್ಲಿ ಒಂದು ಅಕ್ಷರ ಇರುತ್ತದೆ. ಐ ಇದ್ದರೆ ಸುಮ್ಮನೆ ತಿಳಿಸಲು. ಎ ಇದ್ದರೆ ನೀವು ಏನೋ ಮಾಡಬೇಕು. ಡಿ ಇದ್ದರೆ ನಿಮ್ಮ ತೀರ್ಮಾನ ಬೇಕು. ಸಾವಿರ ಐ ನಡುವೆ ಹಾದುಹೋಗುವ ಒಂದು ಎ ಕಣ್ಣಿಗೆ ಬೀಳಬೇಕು. ನಮ್ಮ ಕೆಲಸ ಅದೇ.

ಸ್ಕ್ರಿಪ್ಟ್‌ಪ್ರಿಯ
ಸಾವಿರ ಐ ನಡುವೆ ಒಂದು ಎ ಹುಡುಕುವುದಕ್ಕೆ ಲಿನಕ್ಸ್‌ನ ಹುಡುಕುವ ಕಮಾಂಡ್ ಇದೆಯಲ್ಲ, ಗ್ರೆಪ್, ಅದು ಒಂದು ಸಾಲು ಸಾಕು ಅಂಕಲ್.

ಹಳೇಟೇಪು
ಹೂಂ, ಹುಡುಕಬಹುದು. ಆಮೇಲೆ ಏನು ಮಾಡಬೇಕು ಎಂದು ಗ್ರೆಪ್ ಹೇಳುತ್ತದೆಯೇ?

ಬ್ಯಾಚ್‌ಬಂಧು
ಸ್ಕ್ರಿಪ್ಟ್‌ಪ್ರಿಯ ಅವರೇ, ಶೆಡ್ಯೂಲರ್ ಇದೆ ಎಂದಿರಲ್ಲ. 2012ರ ಜೂನ್‌ನಲ್ಲಿ ಬ್ರಿಟನ್ನಿನ ಆರ್‌ಬಿಎಸ್ ಬ್ಯಾಂಕ್‌ನಲ್ಲಿ ಏನಾಯಿತು ಎಂದು ಓದಿ. ಕೈಕೊಟ್ಟಿದ್ದೇ ಆ ಶೆಡ್ಯೂಲರ್. ಅದನ್ನು ಅಪ್‌ಗ್ರೇಡ್ ಮಾಡಿದರು, ತೊಂದರೆ ಕಾಣಿಸಿತು, ಹಳೆ ಆವೃತ್ತಿಗೆ ವಾಪಸ್ ಹೋದರು. ಹೊಸದಕ್ಕೂ ಹಳೆಯದಕ್ಕೂ ಹೊಂದಲಿಲ್ಲ. ರಾತ್ರಿಯ ಬ್ಯಾಚ್ ಜಾಬ್‌ಗಳು ಅಸ್ತವ್ಯಸ್ತ ಆದವು. ಆರ್‌ಬಿಎಸ್, ನ್ಯಾಟ್‌ವೆಸ್ಟ್, ಅಲ್‌ಸ್ಟರ್ ಬ್ಯಾಂಕ್ ಮೂರರ ಗ್ರಾಹಕರಿಗೂ ಪೆಟ್ಟು. ಒಟ್ಟು 65 ಲಕ್ಷಕ್ಕೂ ಹೆಚ್ಚು ಜನ. ಸಂಬಳ ಜಮಾ ಆಗಲಿಲ್ಲ, ಬಾಕಿ ತಪ್ಪು ತೋರಿಸಿತು. ಅಲ್‌ಸ್ಟರ್‌ನವರು ಜುಲೈನಲ್ಲೂ ಒದ್ದಾಡುತ್ತಿದ್ದರು. 2014ರಲ್ಲಿ ನಿಯಂತ್ರಕರು ಒಟ್ಟು 5.6 ಕೋಟಿ ಪೌಂಡ್ ದಂಡ ಹಾಕಿದರು.

ಒಂದು ರಾತ್ರಿಯ ಬ್ಯಾಚ್ ಎಂದರೆ ಸಾವಿರಾರು ಜಾಬ್. ಒಂದು ಮುಗಿದರೆ ಮಾತ್ರ ಇನ್ನೊಂದು. ನಡುವೆ ಕೊಂಡಿ ತಪ್ಪಿದರೆ ಯಾವುದನ್ನು ಮತ್ತೆ ಓಡಿಸಬೇಕು, ಯಾವುದನ್ನು ಓಡಿಸಿದರೆ ಹಣ ಎರಡು ಸಲ ಕಳೆಯುತ್ತದೆ ಎಂದು ಗೊತ್ತಿರುವ ಜನ ಬೇಕು.

ಸ್ಕ್ರಿಪ್ಟ್‌ಪ್ರಿಯ
ಅದು ಆಪರೇಟರ್ ಬೇಕು ಎಂಬುದಕ್ಕೆ ಸಾಕ್ಷಿ ಅಲ್ಲ. ಅಪ್‌ಗ್ರೇಡ್ ಸರಿಯಾಗಿ ಪರೀಕ್ಷೆ ಮಾಡಬೇಕು ಎಂಬುದಕ್ಕೆ ಸಾಕ್ಷಿ.

ಬ್ಯಾಚ್‌ಬಂಧು
ಎರಡಕ್ಕೂ. ಬಿಡಿ, ನೀವು ಒಪ್ಪುವುದಿಲ್ಲ ಎಂದು ಗೊತ್ತು.

ಹೊಸಹಾದಿ
ಅಬ್ಬಾ, ಇಷ್ಟು ಬೇಗ ಇಷ್ಟೊಂದು ಉತ್ತರ! ಒಂದು ಸಣ್ಣ ಪ್ರಶ್ನೆ. ಶೆಡ್ಯೂಲರ್ ಎಂದರೆ ಲಿನಕ್ಸ್‌ನ ಕ್ರಾನ್ ತರಹವೇ? ಅದು ನನಗೆ ಸ್ವಲ್ಪ ಗೊತ್ತು.

ಬ್ಯಾಚ್‌ಬಂಧು
ಕ್ರಾನ್‌ಗೆ ಗಡಿಯಾರ ಮಾತ್ರ ಗೊತ್ತು. ಎರಡು ಗಂಟೆ ಆಯಿತಾ, ಓಡಿಸು. ಅದಕ್ಕೆ ಬೇಕಾದ ಫೈಲ್ ಬಂದಿದೆಯೋ ಇಲ್ಲವೋ, ಹಿಂದಿನ ಜಾಬ್ ಮುಗಿಯಿತೋ ಬಿತ್ತೋ, ಅದು ನೋಡುವುದಿಲ್ಲ. ಕಂಟ್ರೋಲ್-ಎಂ ತರಹದವು ಎ ಜಾಬ್ ಸರಿಯಾಗಿ ಮುಗಿದು, ಬಿ ಕಡೆಯಿಂದ ಫೈಲ್ ಬಂದರೆ ಮಾತ್ರ ಸಿ ಶುರು ಮಾಡುತ್ತವೆ. ತಿಂಗಳ ಕೊನೆಯ ದಿನ ಮಾತ್ರ, ರಜೆ ಇದ್ದರೆ ಹಿಂದಿನ ಕೆಲಸದ ದಿನ, ಇಂಥ ಕ್ಯಾಲೆಂಡರ್‌ಗಳೂ ಇರುತ್ತವೆ. ಬಿದ್ದರೆ ಕೆಂಪು ತೋರಿಸಿ ಅಲ್ಲೇ ನಿಲ್ಲುತ್ತದೆ. ಆಪರೇಟರ್ ನೋಡುವುದು ಆ ಕೆಂಪನ್ನು.

ಮನೆಯಲ್ಲೇ ಅಭ್ಯಾಸ ಮಾಡಬಹುದು. ಮೂರು ಸಣ್ಣ ಸ್ಕ್ರಿಪ್ಟ್ ಬರೆಯಿರಿ. ಮೊದಲನೆಯದು ಫೈಲ್ ತಯಾರಿಸಲಿ, ಎರಡನೆಯದು ಅದನ್ನು ಲೆಕ್ಕ ಹಾಕಲಿ, ಮೂರನೆಯದು ಫಲಿತಾಂಶವನ್ನು ಬ್ಯಾಕಪ್ ಮಾಡಲಿ. ಮೊದಲನೆಯದು ಬಿದ್ದರೆ ಉಳಿದೆರಡು ಓಡಬಾರದು. ಸ್ಕ್ರಿಪ್ಟ್ ಮುಗಿದಾಗ ಕೊಡುವ ಎಕ್ಸಿಟ್ ಕೋಡ್ 0 ಆದರೆ ಸರಿ, ಬೇರೆ ಏನೇ ಬಂದರೂ ತಪ್ಪು ಎಂಬುದನ್ನು ಹಿಡಿದು ಬರೆಯಿರಿ. ಇದನ್ನು ಮಾಡಿದವರು ಇಂಟರ್‌ವ್ಯೂನಲ್ಲಿ ಎದ್ದು ಕಾಣುತ್ತಾರೆ.

ಗಡಿಯಾರದ ವಿಷಯ ಬಂತಲ್ಲ, ಬೇಸಿಗೆಯಲ್ಲಿ ಗಡಿಯಾರ ಮುಂದಿಡುವ ದೇಶಗಳಿವೆ. ಅಲ್ಲಿ ವರ್ಷಕ್ಕೊಂದು ರಾತ್ರಿ ಒಂದು ಗಂಟೆ ಮಾಯವಾಗುತ್ತದೆ, ಇನ್ನೊಂದು ರಾತ್ರಿ ಒಂದು ಗಂಟೆ ಎರಡು ಸಲ ಬರುತ್ತದೆ. ಆ ಹೊತ್ತಿನಲ್ಲಿ ಜಾಬ್ ಇಟ್ಟರೆ ಫಜೀತಿ. ಯಂತ್ರ ಬರೆದಿಡುವ ಲಾಗ್‌ನಲ್ಲಿ ಸಮಯ ನೋಡುವಾಗ ಅದು ಯುಟಿಸಿ ಎಂಬ ಜಾಗತಿಕ ಸಮಯವೋ ಸ್ಥಳೀಯ ಸಮಯವೋ ಎಂದು ಮೊದಲು ನೋಡಿಕೊಳ್ಳಿ.

ಕನ್ಸೋಲಕ್ಕ
ನಾನು ಹೊಸಬರ ಇಂಟರ್‌ವ್ಯೂ ಮಾಡುತ್ತಿರುತ್ತೇನೆ. ಹೊಸಹಾದಿ, ಇದನ್ನು ಸ್ವಲ್ಪ ಗಮನ ಕೊಟ್ಟು ಓದು.

ನಾನು ಯಾವಾಗಲೂ ಕೇಳುವ ಪ್ರಶ್ನೆ ಇದು. "ರಾತ್ರಿ ಎರಡು ಗಂಟೆ. ಬ್ಯಾಕಪ್ ಜಾಬ್ ಬಿದ್ದಿದೆ. ನೀನೊಬ್ಬನೇ ಇದ್ದೀಯ. ಏನು ಮಾಡುತ್ತೀಯ?" ಹತ್ತರಲ್ಲಿ ಎಂಟು ಜನ "ಮತ್ತೆ ಓಡಿಸುತ್ತೇನೆ" ಎನ್ನುತ್ತಾರೆ. ಅಲ್ಲಿಗೇ ನನಗೆ ಗೊತ್ತಾಗುತ್ತದೆ. ಯಾಕೆ ಬಿತ್ತು ಎಂದು ನೋಡದೆ ಮತ್ತೆ ಓಡಿಸಿದರೆ ಮತ್ತೆ ಬೀಳುತ್ತದೆ, ಅಥವಾ ಅರ್ಧ ಬರೆದಿದ್ದರ ಮೇಲೆ ಇನ್ನರ್ಧ ಬರೆಯುತ್ತದೆ. ನನಗೆ ಬೇಕಾದ ಉತ್ತರ ಹೀಗೆ ಶುರುವಾಗಬೇಕು: ಸಂದೇಶ ಓದುತ್ತೇನೆ. ಜಾಗ ಸಾಲಲಿಲ್ಲವೋ, ನೆಟ್‌ವರ್ಕ್ ಹೋಯಿತೋ, ಪಾಸ್‌ವರ್ಡ್ ಅವಧಿ ಮುಗಿಯಿತೋ ನೋಡುತ್ತೇನೆ. ರನ್‌ಬುಕ್‌ನಲ್ಲಿ ಈ ಜಾಬ್‌ಗೆ ಏನು ಬರೆದಿದೆ ನೋಡುತ್ತೇನೆ. ಇದರ ಹಿಂದೆ ಕಾಯುತ್ತಿರುವ ಜಾಬ್ ಇದೆಯಾ, ಬೆಳಗ್ಗೆ ಸಿಸ್ಟಮ್ ತೆರೆಯುವ ಹೊತ್ತಿಗೆ ತೊಂದರೆ ಆಗುತ್ತದೆಯಾ ಎಂದು ಲೆಕ್ಕ ಹಾಕುತ್ತೇನೆ. ಆಮೇಲೆ ಓಡಿಸುವುದೋ, ಫೋನ್ ಮಾಡುವುದೋ.

ಮಧ್ಯೆ ನಾನು ಒಂದು ಕೊಕ್ಕೆ ಹಾಕುತ್ತೇನೆ. "ಆನ್‌ಕಾಲ್‌ನವರು ಫೋನ್ ಎತ್ತಲಿಲ್ಲ, ಈಗ?" ಇಲ್ಲಿ ಕೆಲವರು "ನಾನೇ ಸರಿಮಾಡುತ್ತೇನೆ" ಎಂದು ಉತ್ಸಾಹ ತೋರಿಸುತ್ತಾರೆ. ಅಂಥವರನ್ನು ಕಂಡರೆ ನನಗೆ ಭಯ. ಪಟ್ಟಿಯಲ್ಲಿ ಎರಡನೆಯ ಹೆಸರು ಇರುತ್ತದೆ, ಮೂರನೆಯದೂ ಇರುತ್ತದೆ. ಅವರಿಗೆ ಮಾಡಬೇಕು. ಎಷ್ಟು ಗಂಟೆಗೆ ಯಾರಿಗೆ ಮಾಡಿದೆ ಎಂದು ಬರೆದಿಡಬೇಕು.

ಬರಹ ನೋಡುತ್ತೇನೆ. ಒಂದು ಸಣ್ಣ ಸನ್ನಿವೇಶ ಕೊಟ್ಟು ಹ್ಯಾಂಡೋವರ್ ನೋಟ್ ಬರೆಸುತ್ತೇನೆ. "ಸರ್ವರ್ ಪ್ರಾಬ್ಲಮ್ ಇತ್ತು, ಈಗ ಓಕೆ" ಎಂದು ಬರೆದವರಿಗೆ ಕೈಮುಗಿದು ಕಳಿಸುತ್ತೇನೆ. ಯಾವ ಸರ್ವರ್, ಎಷ್ಟು ಗಂಟೆಗೆ, ಏನು ಕಂಡಿತು, ಏನು ಮಾಡಿದೆ, ಇನ್ನೂ ಏನು ಬಾಕಿ ಇದೆ. ನಾಲ್ಕು ಸಾಲಿನಲ್ಲಿ ಇಷ್ಟು ಬಂದರೆ ಕಾಮರ್ಸ್ ಓದಿದ್ದೀಯೋ ಎಂಜಿನಿಯರಿಂಗ್ ಓದಿದ್ದೀಯೋ ನಾನು ಕೇಳುವುದಿಲ್ಲ.

ಹೊಸಹಾದಿ
ಅಕ್ಕಾ, ತುಂಬಾ ಥ್ಯಾಂಕ್ಸ್. ಸರ್ಟಿಫಿಕೇಟ್ ಏನಾದರೂ ಬೇಕಾ?

ಕನ್ಸೋಲಕ್ಕ
ಇದ್ದರೆ ಒಳ್ಳೆಯದು, ಇಲ್ಲದಿದ್ದರೆ ತಲೆ ಹೋಗುವುದಿಲ್ಲ. ಏನೂ ಇಲ್ಲದವರಿಗೆ ಕಾಂಪ್‌ಟಿಯಾ ಎ ಪ್ಲಸ್, ಎಲ್‌ಪಿಐನ ಲಿನಕ್ಸ್ ಎಸೆನ್ಷಿಯಲ್ಸ್ ಇಂಥವು ಅರ್ಜಿ ಮೊದಲ ಜರಡಿ ದಾಟಲು ಸಹಾಯ ಮಾಡುತ್ತವೆ. ಟಿಕೆಟ್, ಇನ್ಸಿಡೆಂಟ್, ಚೇಂಜ್ ಎಂಬ ಭಾಷೆ ಗೊತ್ತಾಗಲಿ ಎಂದಿದ್ದರೆ ಐಟಿ ಸೇವೆ ನಿರ್ವಹಣೆಯ ಐಟಿಐಎಲ್ ಫೌಂಡೇಶನ್ ಪುಸ್ತಕ ಓದು. ಸಾಲ ಮಾಡಿ ಕೋರ್ಸ್ ಸೇರುವ ಕೆಲಸ ಮಾತ್ರ ಬೇಡ.

ಹಸಿರುಪರದೆ
ಮೇನ್‌ಫ್ರೇಮ್ ಕಡೆ ಹೋಗುವ ಮನಸ್ಸಿದ್ದರೆ ಐಬಿಎಂ ಝಡ್ ಎಕ್ಸ್‌ಪ್ಲೋರ್ ಎಂದು ಇದೆ, ಪುಕ್ಕಟೆ. ನಿಜವಾದ ಯಂತ್ರಕ್ಕೆ ಲಾಗಿನ್ ಕೊಟ್ಟು ಒಂದೊಂದೇ ಪಾಠ ಮಾಡಿಸುತ್ತಾರೆ. ಇನ್ನೊಂದು, ಹರ್ಕ್ಯುಲಿಸ್ ಎಂಬ ಎಮ್ಯುಲೇಟರ್, ಮೇನ್‌ಫ್ರೇಮ್‌ನಂತೆ ನಟಿಸುವ ಸಾಫ್ಟ್‌ವೇರ್. ನಿಮ್ಮ ಲ್ಯಾಪ್‌ಟಾಪ್‌ನಲ್ಲೇ ಮೇನ್‌ಫ್ರೇಮ್‌ನ ಆಪರೇಟಿಂಗ್ ಸಿಸ್ಟಮ್ ಝಡ್/ಓಎಸ್ ಓಡಿಸಬಹುದು.

ಹಳೇಟೇಪು
ತಿದ್ದುಪಡಿ. ಹರ್ಕ್ಯುಲಿಸ್‌ನಲ್ಲಿ ಹವ್ಯಾಸಿಗಳು ಓಡಿಸುವುದು ಎಂವಿಎಸ್ 3.8ಜೆ ಎಂಬ ಆಪರೇಟಿಂಗ್ ಸಿಸ್ಟಮ್. ಹಳೆಯದು, ಹಂಚಿಕೊಳ್ಳಲು ಅಡ್ಡಿ ಇಲ್ಲದ್ದು. ಝಡ್/ಓಎಸ್‌ಗೆ ಲೈಸೆನ್ಸ್ ಬೇಕು, ಸುಮ್ನೆ ಹಾಕಿಕೊಳ್ಳಲು ಬರುವುದಿಲ್ಲ. ಆದರೆ ಕಲಿಯಲು ಹಳೆಯದೇ ಸಾಕು. ಜಾಬ್ ವಿವರಿಸುವ ಭಾಷೆ ಜೆಸಿಎಲ್ ಬರೆಯಬಹುದು, ಜಾಬ್ ಸಬ್ಮಿಟ್ ಮಾಡಬಹುದು, ಕನ್ಸೋಲ್‌ನಲ್ಲಿ ಕೂತು ಟೇಪ್ ಕೂಡ ಮೌಂಟ್ ಮಾಡಬಹುದು, ಸುಳ್ಳು ಟೇಪ್.

ಹಸಿರುಪರದೆ
ಸರಿ ಸರ್, ನೀವು ಹೇಳಿದ್ದೇ ಸರಿ.

ಅಬೆಂಡ್ ಕೋಡ್‌ಗಳಲ್ಲಿ, ಅಂದರೆ ಮೇನ್‌ಫ್ರೇಮ್ ಜಾಬ್ ಯಾಕೆ ಬಿತ್ತು ಎಂದು ಹೇಳುವ ಸಂಕೇತಗಳಲ್ಲಿ, ನಾಲ್ಕೈದು ಬಾಯಿಪಾಠ ಮಾಡಿಕೊಳ್ಳಿ, ಎಲ್ಲರೂ ಕೇಳುತ್ತಾರೆ. ಎಸ್0ಸಿ7 ಎಂದರೆ ಅಂಕಿ ಇರಬೇಕಾದ ಕಡೆ ಅಂಕಿಯಲ್ಲದ್ದು ಬಂದಿದೆ. ಎಸ್0ಸಿ4, ತನ್ನದಲ್ಲದ ಮೆಮೊರಿಗೆ ಕೈಹಾಕಿದೆ. ಎಸ್322, ಕೊಟ್ಟ ಸಿಪಿಯು ಸಮಯ ಮೀರಿದೆ. ಎಸ್806, ಪ್ರೋಗ್ರಾಂ ಸಿಗಲಿಲ್ಲ. ಎಸ್‌ಬಿ37, ಡೇಟಾಸೆಟ್‌ಗೆ, ಅಂದರೆ ಫೈಲ್‌ಗೆ, ಜಾಗ ಸಾಲಲಿಲ್ಲ. ಎಸ್222 ಬಂದರೆ ಆಪರೇಟರ್ ತಾನೇ ಕ್ಯಾನ್ಸಲ್ ಮಾಡಿದ್ದಾನೆ, ಅಂದರೆ ಎಲ್ಲರೂ ನಿಮ್ಮ ಕಡೆ ತಿರುಗಿ ನೋಡುತ್ತಾರೆ.

ಮೋಡಗನ್ನಡಿ
ಟೇಪ್ ಟೇಪ್ ಎನ್ನುತ್ತಿದ್ದೀರಿ, ಇದು ಯಾವ ಕಾಲ? ಎಲ್ಲ ಕ್ಲೌಡ್‌ಗೆ ಹೋಯಿತು.

ಹಳೇಟೇಪು
ಎಲ್‌ಟಿಓ ಎಂಬ ಬ್ಯಾಕಪ್ ಟೇಪ್ 2000ರಲ್ಲಿ ಬಂದಾಗ ಒಂದರಲ್ಲಿ 100 ಜಿಬಿ ಹಿಡಿಯುತ್ತಿತ್ತು. 2021ರಲ್ಲಿ ಬಂದ ಎಲ್‌ಟಿಓ-9ರಲ್ಲಿ 18 ಟಿಬಿ, ಅದೂ ಕಂಪ್ರೆಸ್ ಮಾಡದೆ. ಯಾರೂ ಕೊಳ್ಳದಿದ್ದರೆ ಹೊಸದನ್ನು ಯಾಕೆ ಮಾಡುತ್ತಿದ್ದರು? ಡ್ರೈವ್‌ನಿಂದ ತೆಗೆದಿಟ್ಟ ಟೇಪ್ ಯಾವ ನೆಟ್‌ವರ್ಕ್‌ಗೂ ಅಂಟಿಕೊಂಡಿರುವುದಿಲ್ಲ. ರ‍್ಯಾನ್ಸಮ್‌ವೇರ್ (ಡೇಟಾಗೆ ಬೀಗ ಹಾಕಿ ದುಡ್ಡು ಕೇಳುವ ಸಾಫ್ಟ್‌ವೇರ್) ತಂದವನಿಗೆ ಅದು ಕೈಗೆ ಸಿಗುವುದಿಲ್ಲ.

ಮೋಡಗನ್ನಡಿ
ಕ್ಲೌಡ್‌ನವರೇ ಎಲ್ಲ ಬ್ಯಾಕಪ್ ಮಾಡುತ್ತಾರಲ್ಲ.

ರಾತ್ರಿಪಾಳಿ
ಇದನ್ನು ನಂಬಿಯೇ ಜನ ಕೆಟ್ಟಿದ್ದು. 2021ರ ಮಾರ್ಚ್ 10ರಂದು ಫ್ರಾನ್ಸ್‌ನ ಸ್ಟ್ರಾಸ್‌ಬರ್ಗ್‌ನಲ್ಲಿ ಓವಿಎಚ್ ಎಂಬ ಕ್ಲೌಡ್ ಕಂಪನಿಯ ಡೇಟಾ ಸೆಂಟರ್‌ಗೆ ಬೆಂಕಿ ಬಿತ್ತು. ಎಸ್‌ಬಿಜಿ2 ಎಂಬ ಕಟ್ಟಡ ಪೂರ್ತಿ ಹೋಯಿತು. ಬ್ಯಾಕಪ್ ಕೂಡ ಅದೇ ಜಾಗದಲ್ಲಿ ಇಟ್ಟಿದ್ದ ಗ್ರಾಹಕರಿಗೆ ಏನೂ ಉಳಿಯಲಿಲ್ಲ.

ಬ್ಯಾಕಪ್ ಇದೆ ಎಂದು ತಿಳಿದುಕೊಳ್ಳುವುದು ಬೇರೆ, ಅದರಿಂದ ವಾಪಸ್ ತರಲು ಆಗುವುದು ಬೇರೆ. ಕೋಡ್ ಇಡುವ ಸೇವೆ ಗಿಟ್‌ಲ್ಯಾಬ್‌ನಲ್ಲಿ 2017ರ ಜನವರಿ 31ರಂದು ಹೊತ್ತಲ್ಲದ ಹೊತ್ತಿನಲ್ಲಿ ಕೆಲಸ ಮಾಡುತ್ತಿದ್ದ ಎಂಜಿನಿಯರ್ ತಪ್ಪು ಸರ್ವರ್‌ನಲ್ಲಿ ಡೇಟಾಬೇಸ್ ಫೋಲ್ಡರ್ ಅಳಿಸಿದರು. ಗೊತ್ತಾಗಿ ನಿಲ್ಲಿಸುವಷ್ಟರಲ್ಲಿ ಸುಮಾರು 300 ಜಿಬಿಯಲ್ಲಿ ಉಳಿದಿದ್ದು 4.5 ಜಿಬಿ. ಬ್ಯಾಕಪ್ ನೋಡಿದರೆ ಅದು ಎಷ್ಟೋ ದಿನದಿಂದ ಬೀಳುತ್ತಿತ್ತು, ಸಾಫ್ಟ್‌ವೇರ್ ಆವೃತ್ತಿ ಹೊಂದದೆ. ಬಿದ್ದಿದೆ ಎಂದು ಹೇಳಬೇಕಾದ ಇಮೇಲ್‌ಗಳೂ ಯಾರಿಗೂ ತಲುಪುತ್ತಿರಲಿಲ್ಲ. ಅದೃಷ್ಟಕ್ಕೆ ಆರು ಗಂಟೆ ಹಿಂದಿನ ಒಂದು ಸ್ನ್ಯಾಪ್‌ಶಾಟ್, ಅಂದರೆ ಆ ಕ್ಷಣದ ನಕಲು, ಇತ್ತು. ಇದನ್ನೆಲ್ಲ ಅವರೇ ಮುಚ್ಚಿಡದೆ ಬರೆದು ಹಾಕಿದರು, ಅದಕ್ಕೆ ಮೆಚ್ಚಬೇಕು. ಹೊಸಹಾದಿ, ಇಂಟರ್‌ವ್ಯೂಗೆ ಮೊದಲು ಆ ವರದಿ ಹುಡುಕಿ ಓದಿ.

ಸ್ಕ್ರಿಪ್ಟ್‌ಪ್ರಿಯ
ನೋಡಿ, ಇಲ್ಲಿ ನಾನೂ ಒಪ್ಪುತ್ತೇನೆ. "ಅಲರ್ಟ್ ಬಂದಿಲ್ಲ, ಅಂದರೆ ಎಲ್ಲ ಸರಿ ಇದೆ" ಎಂದುಕೊಳ್ಳುವುದು ದೊಡ್ಡ ತಪ್ಪು. ಬರಬೇಕಾದ "ಮುಗಿಯಿತು" ಸಂದೇಶ ಬರದಿದ್ದರೂ ಅಲರ್ಟ್ ಆಗಬೇಕು.

ಕನ್ಸೋಲಕ್ಕ
ಪರವಾಗಿಲ್ವೇ, ದಾರಿಗೆ ಬರುತ್ತಿದ್ದೀಯ!

ನಿದ್ದೆಗೆಟ್ಟವ
ಎಲ್ಲರೂ ಯಂತ್ರದ ಬಗ್ಗೆಯೇ ಹೇಳುತ್ತಿದ್ದೀರಿ. ಪಾಳಿ ಬಗ್ಗೆ ಯಾರೂ ಬಾಯಿ ಬಿಡುತ್ತಿಲ್ಲ. ನಾನು ಈ ಕೆಲಸ ಬಿಟ್ಟಿದ್ದೇ ಅದಕ್ಕೆ. ಹಗಲು ನಿದ್ದೆ ಬರುವುದಿಲ್ಲ, ರಾತ್ರಿ ಎಚ್ಚರ ಇರುವುದಿಲ್ಲ. ನಮ್ಮಲ್ಲಿ ಪಾಳಿ ಹಿಂದೆ ತಿರುಗುತ್ತಿತ್ತು. ರಾತ್ರಿ ಆದಮೇಲೆ ಮಧ್ಯಾಹ್ನ, ಆಮೇಲೆ ಬೆಳಗ್ಗೆ. ಮೈ ಹೊಂದಿಕೊಳ್ಳುವುದೇ ಇಲ್ಲ. ಬೆಳಗ್ಗೆ, ಮಧ್ಯಾಹ್ನ, ರಾತ್ರಿ ಎಂದು ಮುಂದಕ್ಕೆ ತಿರುಗಿದರೆ ತಡೆದುಕೊಳ್ಳಬಹುದು. ಮ್ಯಾನೇಜರ್‌ಗೆ ಹೇಳಿದರೆ "ಎಲ್ಲರೂ ಮಾಡುತ್ತಿಲ್ವಾ" ಎಂದರು.

ಕ್ಯಾನ್ಸರ್ ಸಂಶೋಧನೆಯ ಅಂತಾರಾಷ್ಟ್ರೀಯ ಸಂಸ್ಥೆ ಐಎಆರ್‌ಸಿ 2007ರಲ್ಲೇ ದೇಹದ ಗಡಿಯಾರ ಕೆಡಿಸುವ ಪಾಳಿ ಕೆಲಸವನ್ನು 2ಎ ಗುಂಪಿಗೆ ಸೇರಿಸಿತು. ಕ್ಯಾನ್ಸರ್ ತರುವ ಸಂಭವ ಇದೆ ಎನ್ನುವ ಗುಂಪು. 2019ರಲ್ಲಿ ಮತ್ತೆ ನೋಡಿ ಅಲ್ಲೇ ಉಳಿಸಿತು. ಹೆದರಿಸಲು ಹೇಳುತ್ತಿಲ್ಲ. ಗೊತ್ತಿದ್ದು ಸೇರಿ.

ರಾತ್ರಿಪಾಳಿ
ನನಗೆ ರಾತ್ರಿಯೇ ಇಷ್ಟ, ಹೆಸರೇ ಹೇಳುತ್ತದೆ. ಮೀಟಿಂಗ್ ಇಲ್ಲ, ತಲೆತಿನ್ನುವವರಿಲ್ಲ. ಆದರೆ ನನಗೆ ಹೊಂದಿದ್ದು ಎಲ್ಲರಿಗೂ ಹೊಂದಬೇಕೆಂದಿಲ್ಲ. ಮಲಗುವ ಕೋಣೆಗೆ ಬೆಳಕು ಬೀಳದಂತೆ ದಪ್ಪ ಪರದೆ, ಫೋನ್ ಸೈಲೆಂಟ್. ಮನೆಯವರಿಗೆ ಇದು ನನ್ನ ರಾತ್ರಿ ಎಂದು ಒಮ್ಮೆ ಕೂರಿಸಿ ಹೇಳಬೇಕು. ಪಾಳಿ ಮುಗಿಸಿ ನಿದ್ದೆಗಣ್ಣಲ್ಲಿ ಗಾಡಿ ಓಡಿಸುವುದೇ ಎಲ್ಲಕ್ಕಿಂತ ಅಪಾಯ.

ಬೆಳ್ಳಿಮೋಡ
ಹೆಣ್ಣುಮಕ್ಕಳು ಈ ಕೆಲಸ ಮಾಡಬಹುದಾ? ರಾತ್ರಿ ಒಬ್ಬರೇ ಇರಬೇಕಾಗುತ್ತದೆಯೇ?

ಕನ್ಸೋಲಕ್ಕ
ಮಾಡುತ್ತಿದ್ದೇನಲ್ಲಮ್ಮ! ಎನಿಯಾಕ್ ಎಂಬ ಮೊದಮೊದಲ ಕಂಪ್ಯೂಟರನ್ನು 1946ರಲ್ಲಿ ಲೋಕಕ್ಕೆ ತೋರಿಸಿದಾಗ ಅದರ ತಂತಿ, ಸ್ವಿಚ್ ಎಲ್ಲ ಜೋಡಿಸಿ ಲೆಕ್ಕ ಮಾಡಿಸಿದ್ದೇ ಆರು ಹೆಣ್ಣುಮಕ್ಕಳು. ಕೇ ಮ್ಯಾಕ್‌ನಲ್ಟಿ, ಬೆಟ್ಟಿ ಜೆನ್ನಿಂಗ್ಸ್, ಬೆಟ್ಟಿ ಸ್ನೈಡರ್, ಮಾರ್ಲಿನ್ ವೆಸ್ಕಾಫ್, ಫ್ರಾನ್ ಬಿಲಾಸ್, ರೂತ್ ಲಿಕ್ಟರ್‌ಮನ್. ಆ ಹೊತ್ತಿನಲ್ಲಿ ಯಾರೂ ಅವರನ್ನು ಲೆಕ್ಕಕ್ಕೆ ಹಿಡಿಯಲಿಲ್ಲ, ಅದು ಬೇರೆ ಕಥೆ.

ರಾತ್ರಿ ವಿಷಯಕ್ಕೆ ಬಂದರೆ, ಸೇರುವ ಮೊದಲೇ ನೇರವಾಗಿ ಕೇಳು. ಪಾಳಿಯಲ್ಲಿ ಎಷ್ಟು ಜನ? ಹೋಗಿ ಬರುವ ವ್ಯವಸ್ಥೆ ಯಾರದು? ಭದ್ರತಾ ಸಿಬ್ಬಂದಿ ಎಲ್ಲಿರುತ್ತಾರೆ? ಹೀಗೆ ಕೇಳಿದ್ದಕ್ಕೆ ಮುಖ ಸಿಂಡರಿಸಿದರೆ ಆ ಜಾಗ ಬೇಡ. ಇದು ಗಂಡಸರಿಗೂ ಹೇಳುವ ಮಾತು. ಸರ್ವರ್ ರೂಮಿನಲ್ಲಿ ಒಬ್ಬನೇ ಬಿದ್ದರೆ ಎತ್ತುವವರು ಯಾರು?

ಹಸಿರುಪರದೆ
ಸರ್ವರ್ ರೂಮ್ ಎಂದಾಗ ನೆನಪಾಯಿತು, ಆ ಚಳಿ! ನಮ್ಮಲ್ಲಿ ಒಳಗೆ ಹೋಗುವಾಗ ಎಲ್ಲರೂ ಸ್ವೆಟರ್.

ಸ್ಕ್ರಿಪ್ಟ್‌ಪ್ರಿಯ
ಅಷ್ಟು ಚಳಿ ಬೇಕಿಲ್ಲ. ಹವಾನಿಯಂತ್ರಣ ಎಂಜಿನಿಯರ್‌ಗಳ ಆಶ್ರೇ ಸಂಸ್ಥೆ ಹೇಳುವುದು 18ರಿಂದ 27 ಡಿಗ್ರಿ. ಹಳೆ ಅಭ್ಯಾಸಕ್ಕೆ ಸುಮ್ನೆ ಕರೆಂಟ್ ಸುಡುತ್ತಾರೆ.

ಹಳೇಟೇಪು
ಚಳಿ ಬಿಡಿ. ಒಳಗೆ ಬೆಂಕಿ ಆರಿಸುವ ಅನಿಲದ ಸೈರನ್ ಬಂದರೆ ಹೊರಗೆ ಓಡಬೇಕು, ಬ್ಯಾಗ್ ತರುತ್ತೇನೆ ಎಂದು ನಿಲ್ಲಬಾರದು. ಕಾರ್ಬನ್ ಡೈಆಕ್ಸೈಡ್ ಇರುವ ಕಡೆ ಅದು ಪ್ರಾಣವನ್ನೇ ತೆಗೆಯುತ್ತದೆ. ಸೇರಿದ ಮೊದಲ ದಿನವೇ ಬಾಗಿಲು ಎಲ್ಲಿ, ಅನಿಲ ಯಾವುದು ಎಂದು ಕೇಳಿಕೊಳ್ಳಿ.

ಇನ್ನೊಂದು ಗೊತ್ತಾ? 2016ರ ಸೆಪ್ಟೆಂಬರ್‌ನಲ್ಲಿ ಬುಕಾರೆಸ್ಟ್‌ನ ಐಎನ್‌ಜಿ ಬ್ಯಾಂಕ್ ಡೇಟಾ ಸೆಂಟರ್‌ನಲ್ಲಿ ಬೆಂಕಿ ವ್ಯವಸ್ಥೆಯ ಪರೀಕ್ಷೆ ಮಾಡಿದರು. ಅನಿಲ ನುಗ್ಗಿದ ಸದ್ದಿಗೇ ಹಾರ್ಡ್‌ಡಿಸ್ಕ್‌ಗಳು ಹಾಳಾದವು. ಬೆಂಕಿಯೇ ಇರಲಿಲ್ಲ!

ಮೋಡಗನ್ನಡಿ
ಸದ್ದಿಗೆ ಡಿಸ್ಕ್ ಹಾಳಾಗುತ್ತದೆಯೇ? ಏನೇನೋ ಹೇಳಬೇಡಿ ಅಂಕಲ್.

ರಾತ್ರಿಪಾಳಿ
ನಿಜ. ಜೋರು ಸದ್ದು ಎಂದರೆ ಕಂಪನ. ಡಿಸ್ಕ್ ಓದುವ ಹೆಡ್ ತಟ್ಟೆಗೆ ಕೂದಲೆಳೆಗಿಂತ ಹತ್ತಿರ ತೇಲುತ್ತಿರುತ್ತದೆ. ನಡುಗಿದರೆ ದಾರಿ ತಪ್ಪುತ್ತದೆ. ಆ ಬ್ಯಾಂಕಿನ ಸೇವೆ ಸುಮಾರು ಹತ್ತು ಗಂಟೆ ನಿಂತಿತ್ತು.

ಹೊಸಹಾದಿ
ಇಷ್ಟೆಲ್ಲ ಓದಿದ ಮೇಲೆ ಅರ್ಜಿ ಹಾಕಿಯೇ ಬಿಟ್ಟೆ. ಇಂಟರ್‌ವ್ಯೂಗೆ ಕರೆದಿದ್ದಾರೆ, ಮುಂದಿನ ವಾರ. ನಾನು ಅವರನ್ನು ಏನು ಕೇಳಬೇಕು? "ಪ್ರಶ್ನೆ ಇದೆಯಾ" ಎಂದರೆ ಬೆಬ್ಬೆಬ್ಬೆ ಎನ್ನಬಾರದಲ್ಲ.

ಸ್ಕ್ರಿಪ್ಟ್‌ಪ್ರಿಯ
ಒಂದೇ ಕೇಳಿ. "ಆಪರೇಟರ್‌ಗಳಿಗೆ ಸ್ಕ್ರಿಪ್ಟ್ ಬರೆಯಲು ಬಿಡುತ್ತೀರಾ?" ಬಿಡುತ್ತೇವೆ ಎಂದರೆ ಕಣ್ಣುಮುಚ್ಚಿ ಸೇರಿ. ದಿನಾ ಕೈಯಲ್ಲಿ ಮಾಡುವ ಒಂದೊಂದೇ ಕೆಲಸವನ್ನು ಸ್ಕ್ರಿಪ್ಟ್‌ಗೆ ಹಾಕುತ್ತಾ ಹೋದರೆ ಕೆಲವು ವರ್ಷದಲ್ಲಿ ಸಿಸ್ಟಮ್ ಅಡ್ಮಿನ್ ಆಗುತ್ತೀರಿ. ಬರೀ ಪರದೆ ನೋಡುತ್ತಾ ಕೂರಬೇಕು, ಏನೂ ಮುಟ್ಟಬಾರದು ಎಂದರೆ ಒಂದು ವರ್ಷ ಅನುಭವಕ್ಕೆ ಇರಿ, ಆಮೇಲೆ ಹೊರಡಿ. ನಾನು ಮೊದಲಿಂದ ಹೇಳುತ್ತಿರುವುದು ಇದನ್ನೇ.

ಬ್ಯಾಚ್‌ಬಂಧು
ಮೊದಲು ಹೇಳಿದ್ದು "ಆ ಕೆಲಸ ಬೇಡ" ಎಂದು. ಮೇಲೆ ಹೋಗಿ ನೋಡಿಕೊಳ್ಳಿ.

ಸ್ಕ್ರಿಪ್ಟ್‌ಪ್ರಿಯ
ಬರೀ ಆ ಕೆಲಸ ಬೇಡ ಎಂದೆ. ಓದುವಾಗ ಸರಿಯಾಗಿ ಓದಿ.

ಕನ್ಸೋಲಕ್ಕ
ಶುರುವಾಯ್ತು ಮತ್ತೆ. ಹೊಸಹಾದಿ, ನೀನು ಇವನ್ನು ಕೇಳು. ರನ್‌ಬುಕ್ ಕೊನೆಯ ಸಲ ಯಾವಾಗ ತಿದ್ದಿದ್ದು? ಬ್ಯಾಕಪ್‌ನಿಂದ ವಾಪಸ್ ತಂದು ನೋಡುವ ಅಭ್ಯಾಸ ಎಷ್ಟು ದಿನಕ್ಕೊಮ್ಮೆ? ಪಾಳಿ ಯಾವ ದಿಕ್ಕಿಗೆ ತಿರುಗುತ್ತದೆ, ಹೊಸಬರು ಎಷ್ಟು ದಿನ ಇನ್ನೊಬ್ಬರ ಜತೆ ಕೂರುತ್ತಾರೆ? ಮೊದಲೆರಡಕ್ಕೆ ತಡವರಿಸಿದರೆ ಅಲ್ಲಿ ರಾತ್ರಿಗಳು ಕಷ್ಟ ಎಂದು ತಿಳಿದುಕೋ. ಮೊದಲ ವಾರದಲ್ಲೇ ಒಬ್ಬನೇ ರಾತ್ರಿ ಕೂರಬೇಕು ಎಂದರೆ ಒಪ್ಪಬೇಡ.

ಹತ್ತುಬೆರಳು
ಟೈಪಿಂಗ್ ಟೆಸ್ಟ್ ಕೂಡ ಇಟ್ಟರೂ ಇಡಬಹುದು, ಅಭ್ಯಾಸ ಮಾಡಿಕೊಂಡು ಹೋಗಿ :)

ಹೊಸಹಾದಿ
ನಿಮಿಷಕ್ಕೆ 28 ಪದ ಬರುತ್ತದೆ ಮೇಡಂ. ಸಾಕಾ?

ಹತ್ತುಬೆರಳು
ನಮ್ಮ ಕಡೆಗೆ ಸಾಲದು. ಅವರ ಕಡೆಗೆ ಧಾರಾಳ. ಡಿಲೀಟ್ ಕಮಾಂಡ್ ಮಾತ್ರ ನಿಧಾನಕ್ಕೆ ಟೈಪ್ ಮಾಡಿ.